ಮೂರನೇ ಪಂಜರದ ಇಲಿ

ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಎಂ.ಫಾರ್ಮ್ ಓದುವಾಗ ಔಷಧ ಪರೀಕ್ಷೆಗಳಲ್ಲಿ ನನ್ನ ಪಾಲಿಗೆ ಬಂದಿದ್ದು ಗೆರೆ ಎಣಿಸುವ ಕೆಲಸ. ಮರದ ಚೌಕ ಪೆಟ್ಟಿಗೆ, ತಳದಲ್ಲಿ ಪೇಂಟಿನ ಗೆರೆ ಎಳೆದು ಮಾಡಿದ ಚೌಕಗಳು, ನಡುವೆ ಒಂದು ಬಿಳಿ ಸುಂಡಿಲಿ. ಐದು ನಿಮಿಷದಲ್ಲಿ ಅದು ಎಷ್ಟು ಗೆರೆ ದಾಟಿತು, ಎಷ್ಟು ಸಲ ಹಿಂಗಾಲ ಮೇಲೆ ಎದ್ದು ನಿಂತಿತು, ಎಷ್ಟು ಸಲ ಮುಖ ಉಜ್ಜಿಕೊಂಡಿತು ಎಂದು ಬರೆಯಬೇಕು. ಹತ್ತನೇ ಇಲಿಯ ಹೊತ್ತಿಗೆ ಗೆರೆ ದಾಟಿದ್ದು ಇಲಿಯೋ ಬರೀ ಅದರ ಮೂತಿಯೋ ತಿಳಿಯುತ್ತಿರಲಿಲ್ಲ. ನನ್ನ ಲೆಕ್ಕಕ್ಕೂ ಪಕ್ಕದಲ್ಲಿ ಕೂತ ಗೆಳೆಯನ ಲೆಕ್ಕಕ್ಕೂ ತಾಳೆಯಾಗಿದ್ದು ಕಡಿಮೆ.

ಅನಿಮಲ್ ಹೌಸ್ ನೋಡಿಕೊಳ್ಳುತ್ತಿದ್ದ ಕಾಕಾ ಏನನ್ನೂ ಎಣಿಸುತ್ತಿರಲಿಲ್ಲ. ಬೆಳಿಗ್ಗೆ ಬೀಗ ತೆಗೆದು ಪಂಜರಗಳ ಮುಂದೆ ಒಂದು ಸುತ್ತು ಹಾಕಿ, "ತಮ್ಮಾ, ಆ ಮೂರನೇದ್ದು ಯಾಕೋ ಗಪ್ ಆಗೇತಿ" ಎನ್ನುತ್ತಿದ್ದರು. ನಮಗೆ ಏನೂ ಕಾಣದು. "ಗೂಡು ಕಟ್ಟಿಲ್ಲ ನೋಡು." ಹೌದು. ಉಳಿದ ಪಂಜರಗಳಲ್ಲಿ ಪೇಪರ್ ಚೂರುಗಳೆಲ್ಲ ಬಟ್ಟಲಿನ ಹಾಗೆ ದುಂಡಗಾಗಿದ್ದವು. ಇಲ್ಲಿ ಮಾತ್ರ ಭತ್ತದ ಹೊಟ್ಟಿನ ಮೇಲೆ ಹಾಕಿದ್ದು ಹಾಕಿದಂತೆ ಬಿದ್ದಿತ್ತು. ಎರಡು ದಿನಕ್ಕೆ ಆ ಇಲಿ ತಿನ್ನುವುದನ್ನೇ ಬಿಟ್ಟಿತು.

ಎಮ್ಮೆ ಮೆಲುಕು ಹಾಕದಿದ್ದರೆ ಧಾರವಾಡದ ಗೌಳಿಗರಿಗೆ ಡಾಕ್ಟರ್ ಬಂದು ಹೇಳಬೇಕಿಲ್ಲ. ಇಲಿಯ ಕಷ್ಟ ಬೇರೆ. ಅದು ಬೆಕ್ಕಿಗೆ, ಹಾವಿಗೆ, ಗೂಬೆಗೆ ಊಟ. ಕುಂಟುತ್ತಾ ನರಳುತ್ತಾ ಕೂತರೆ ಮೊದಲು ಹೋಗುವುದು ಅದರ ಜೀವವೇ, ಅಲ್ವಾ? ಹಾಗಾಗಿ ನೋವನ್ನು ಬಚ್ಚಿಡುತ್ತದೆ. ಸಾಲದ್ದಕ್ಕೆ ಅದು ರಾತ್ರಿ ಓಡಾಡುವ ಪ್ರಾಣಿ. ನಾವು ಹತ್ತರಿಂದ ಐದರವರೆಗೆ ನೋಡುವುದು ಅದು ಮಲಗುವ ಹೊತ್ತಿನಲ್ಲಿ.

ನಾವು ಹತ್ತಿರ ಇರುವುದೇ ಒಂದು ತೊಂದರೆ. ಗಂಡಸರು ಕೋಣೆಯಲ್ಲಿದ್ದರೆ ಇಲಿಗಳು ನೋವು ಕಡಿಮೆ ತೋರಿಸುತ್ತವೆ ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ತಂಡ 2014ರಲ್ಲಿ ಕಂಡುಕೊಂಡಿತು. ಗಂಡಸು ಉಟ್ಟು ಬಿಟ್ಟ ಟೀ ಶರ್ಟ್ ಪಕ್ಕದಲ್ಲಿಟ್ಟರೂ ಸಾಕು. ವಾಸನೆಗೆ ಇಲಿ ಹೆದರುತ್ತದೆ, ಹೆದರಿದ ಮೈ ನೋವನ್ನು ಅದುಮಿಡುತ್ತದೆ. ನೋವಿನ ಔಷಧ ಪರೀಕ್ಷಿಸಲು ಬೆವರಿಳಿಸಿಕೊಂಡು ಕೂತಿದ್ದ ನಮ್ಮ ಬ್ಯಾಚಿನ ಹುಡುಗರನ್ನು ನೆನೆದರೆ ಈಗ ನಗು ಬರುತ್ತದೆ.

ಅದೇ ತಂಡ 2010ರಲ್ಲಿ ಇಲಿಯ ಮುಖ ಓದುವ ದಾರಿಯೊಂದನ್ನು ಹಾಕಿಕೊಟ್ಟಿತ್ತು. ನೋವಾದಾಗ ಕಣ್ಣು ಕಿರಿದಾಗುತ್ತದೆ. ಮೂಗಿನ ಮೇಲ್ಭಾಗ ಉಬ್ಬುತ್ತದೆ, ಕೆನ್ನೆಯೂ ಉಬ್ಬುತ್ತದೆ. ಕಿವಿ ಹಿಂದಕ್ಕೆ ವಾಲುತ್ತದೆ, ಮೀಸೆ ಇದ್ದ ಹಾಗೆ ಇರುವುದಿಲ್ಲ. ಈ ಐದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಉಪಾಯ ಚಲೋ, ಆದರೆ ಒಂದೊಂದೇ ಫೋಟೊ ಹಿಡಿದು ಅಂಕ ಹಾಕುತ್ತಾ ಕೂರುವವರು ಯಾರು? 2018ರಲ್ಲಿ ಆ ಕೆಲಸವನ್ನು ಎಐಗೆ ಕಲಿಸಿದರು. ಸಾವಿರಾರು ಮುಖಗಳನ್ನು ತೋರಿಸಿದ ಮೇಲೆ ಅದು ನೋವಿದೆಯೋ ಇಲ್ಲವೋ ಎಂದು ನೂರಕ್ಕೆ 94 ಸಲ ಸರಿಯಾಗಿ ಹೇಳಿತು. ಅದು ನೋಡಿ ಕಲಿತಿದ್ದು ಬಿಳಿ ಇಲಿಗಳನ್ನು. ಲ್ಯಾಬುಗಳಲ್ಲಿ ಕಪ್ಪು ಇಲಿಗಳೂ ಬೇಕಾದಷ್ಟಿವೆ, ಕಪ್ಪು ಮುಖದಲ್ಲಿ ಕಪ್ಪು ಕಣ್ಣು ಕಿರಿದಾಗಿದ್ದು ಕ್ಯಾಮೆರಾಕ್ಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಬಿಳಿ ಇಲಿಯ ಪಾಠವನ್ನು ಸುಮ್ನೆ ಕಪ್ಪಿಲಿಗೆ ಅಂಟಿಸಲು ಬರುವುದಿಲ್ಲ.

ನನ್ನ ಗೆರೆ ಎಣಿಸುವ ಕೆಲಸವನ್ನೂ ಅದೇ ವರ್ಷ ಬಂದ ಡೀಪ್‌ಲ್ಯಾಬ್‌ಕಟ್ ಎಂಬ ಸಾಫ್ಟ್‌ವೇರ್ ಕಿತ್ತುಕೊಂಡಿದೆ. ವಿಡಿಯೊದ ಸುಮಾರು 200 ಚಿತ್ರಗಳಲ್ಲಿ ಮೂತಿ, ಕಿವಿ, ಬಾಲದ ಬುಡ ಎಲ್ಲಿದೆ ಎಂದು ನಾವು ಚುಕ್ಕೆ ಇಟ್ಟು ತೋರಿಸಬೇಕು. ಉಳಿದದ್ದನ್ನು ಅದು ತಾನೇ ಹಿಡಿಯುತ್ತದೆ. ಇಲಿಗೆ ಬಣ್ಣ ಬಳಿಯುವುದು ಬೇಡ, ಪಟ್ಟಿ ಅಂಟಿಸುವುದು ಬೇಡ. ಕತ್ತಲಲ್ಲಿ ಇನ್‌ಫ್ರಾರೆಡ್ ಬೆಳಕು ಸಾಕು, ಇಲಿಗೆ ಅದು ಕಾಣುವುದೂ ಇಲ್ಲ.

ಹಾಗಂತ ಸ್ಟಾಪ್‌ವಾಚ್ ಹಿಡಿದು ಕಣ್ಣಿನಿಂದ ಎಣಿಸುವುದನ್ನು ಕೀಳಾಗಿ ನೋಡಬೇಕಿಲ್ಲ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರಜ್ಞ ಶ್ರೀನಿವಾಸ ಸೈದಾಪುರ ಮತ್ತು ಸಂಗಡಿಗರು ಕೆಲವು ಗೊದಮೊಟ್ಟೆಗಳು ತಮ್ಮ ಒಡಹುಟ್ಟಿದವನ್ನು ಗುರುತಿಸುತ್ತವೆ ಎಂದು ತೋರಿಸಿದ್ದು, ಅವು ಯಾರ ಕಡೆ ಎಷ್ಟು ಹೊತ್ತು ಇರುತ್ತವೆ ಎಂದು ತಾಳ್ಮೆಯಿಂದ ನೋಡಿಯೇ.

ನನಗೆ ಎಲ್ಲಕ್ಕಿಂತ ಜಾಸ್ತಿ ನಾಚಿಕೆಯಾಗಿದ್ದು ದನಿಯ ವಿಷಯದಲ್ಲಿ. ಸುಂಡಿಲಿಗಿಂತ ದೊಡ್ಡ ಜಾತಿಯ ಇಲಿಗಳು (ಇಂಗ್ಲಿಷಿನ ರ‍್ಯಾಟ್) ಸಂಕಟದಲ್ಲಿ ಸುಮಾರು 22 ಕಿಲೋಹರ್ಟ್ಜ್‌ನಲ್ಲಿ ಕೂಗುತ್ತವೆ, ಆಟದ ಖುಷಿಯಲ್ಲಿ 50ರ ಆಸುಪಾಸಿನಲ್ಲಿ. ನಮ್ಮ ಕಿವಿ 20ಕ್ಕೇ ನಿಂತುಹೋಗುತ್ತದೆ. 2019ರಲ್ಲಿ ಬಂದ ಡೀಪ್‌ಸ್ಕ್ವೀಕ್ ಎಂಬ ಸಾಫ್ಟ್‌ವೇರ್ ಈ ಸದ್ದುಗಳನ್ನು ಚಿತ್ರವಾಗಿ ಮಾಡಿಕೊಂಡು, ಚಿತ್ರದಲ್ಲಿ ಕೂಗನ್ನು ಹುಡುಕುತ್ತದೆ. ನಾವೋ, ಅನಿಮಲ್ ಹೌಸ್ ಎಷ್ಟು ಶಾಂತವಾಗಿದೆ ಎಂದು ಅಲ್ಲೇ ಕೂತು ಪರೀಕ್ಷೆಗೆ ಓದಿಕೊಳ್ಳುತ್ತಿದ್ದೆವು.

ಪ್ರಾಣಿಗಳ ಬದಲು ಬೇರೆ ದಾರಿ ಹುಡುಕಿ, ಆಗದಿದ್ದರೆ ಕಡಿಮೆ ಪ್ರಾಣಿ ಬಳಸಿ, ಬಳಸಿದವಕ್ಕೆ ನೋವು ಕಡಿಮೆ ಮಾಡಿ ಎಂದು ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷರು 1959ರಲ್ಲೇ ಹೇಳಿದ್ದರು. ಅವರ ಮೂರನೆಯ ಮಾತಿಗೆ ಈ ಕ್ಯಾಮೆರಾ ನೇರವಾಗಿ ನೆರವಾಗುತ್ತದೆ. ಇಲಿ ತಿನ್ನುವುದು ಬಿಟ್ಟ ಮೇಲಲ್ಲ, ಗೂಡು ಕಟ್ಟದ ರಾತ್ರಿಯೇ ಗೊತ್ತಾದರೆ ಔಷಧ ಕೊಡಬಹುದು, ಪ್ರಯೋಗ ನಿಲ್ಲಿಸಬಹುದು. ಆದರೆ ಗೂಡನ್ನು ನೋಡಬೇಕು ಎಂದು ಅದಕ್ಕೆ ಯಾರಾದರೂ ಹೇಳಿಕೊಡಬೇಕಲ್ಲ. ಚುಕ್ಕೆ ಇಡಲು ಕಾಕಾನಂಥವರನ್ನು ಕೂರಿಸಿದರೆ ಅದು ಬೇಗ ಕಲಿತೀತು ಅನ್ನಿಸುತ್ತದೆ.

ಕಾಕಾ ಈಗ ರಿಟೈರ್ ಆಗಿ ಧಾರವಾಡದಲ್ಲಿದ್ದಾರೆ. ಹೋದಾಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದೆ. ಇಲಿ ಓಡುತ್ತಿದೆ, ಮೈಮೇಲೆ ಬಣ್ಣದ ಚುಕ್ಕೆಗಳೂ ಅದರ ಜೊತೆ ಓಡುತ್ತಿವೆ. ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿದರು.

"ಚಲೋ ಐತಿ ತಮ್ಮಾ. ರಾತ್ರಿ ಎರಡಕ್ಕ ಇದು ಮೂರನೇದಕ್ಕ ಆರಾಮಿಲ್ಲ ಅಂತ ಫೋನ್ ಮಾಡ್ತು ಅನ್ಕೋ. ಎದ್ದು ಬರಾವ್ರು ಯಾರು?"