ಅಜ್ಜನ ರೈಫಲ್ಲಿನ ನಂಬರಿನಿಂದ ಅಜ್ಜನ ಯುದ್ಧದ ಕಥೆ ತಿಳಿಯುತ್ತದೆಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಮಿಲಿಟರಿ ರೈಫಲ್ ಇದೆ. ಮಹಾಯುದ್ಧದಲ್ಲಿ ಅವರು ಹಿಡಿದಿದ್ದ ರೈಫಲ್ ಅದೇ ಎಂದೂ ನಿವೃತ್ತರಾದಾಗ ಮನೆಗೆ ತಂದರೆಂದೂ ಹಿರಿಯರು ಹೇಳುತ್ತಾರೆ. ಅದರ ನಂಬರಿನಿಂದ ಅವರು ಯಾವ ಪಲ್ಟನ್ನಿನಲ್ಲಿದ್ದರು, ಎಲ್ಲಿ ಹೋರಾಡಿದರು ಎಂದು ತಿಳಿಯಬಹುದೇ?

ಉತ್ತರ: ಕೊಡಗಿನಿಂದಲೂ ಮಲೆನಾಡಿನಿಂದಲೂ ಈ ಪ್ರಶ್ನೆ ಮಾತು ಮಾತ್ರ ಬದಲಾಗಿ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬಂದರೂ ಉತ್ತರ ಒಂದೇ: ತಿಳಿಯುವುದಿಲ್ಲ. ರೈಫಲ್ಲಿನ ಮೇಲೆ ಕೆತ್ತಿರುವುದು ಕಾರ್ಖಾನೆ ಕೊಟ್ಟ ನಂಬರು. ಅದು ಸೈನಿಕನ ನಂಬರಲ್ಲ. ಯಾವ ಸಿಪಾಯಿಗೆ ಯಾವ ರೈಫಲ್ ಕೊಡಲಾಯಿತು ಎಂಬುದನ್ನು ಆಯಾ ಕಂಪನಿಯ ವಹಿಯಲ್ಲಿ ಬರೆದಿಡುತ್ತಿದ್ದರು, ಮತ್ತು ಅಂಥ ವಹಿಗಳನ್ನು ಶಾಶ್ವತವಾಗಿ ಕಾಪಿಡುವ ಪದ್ಧತಿ ಇರಲಿಲ್ಲ.

ಇದಕ್ಕಿಂತ ಗಟ್ಟಿಯಾಗಿ ಬೇರೂರಿರುವ ತಪ್ಪು ಕಲ್ಪನೆ ಎಂದರೆ ಸೈನಿಕರು ಯುದ್ಧ ಮುಗಿದ ಮೇಲೆ ತಮ್ಮ ರೈಫಲ್ಲನ್ನು ಮನೆಗೆ ತಂದರೆಂಬುದು. ಬ್ರಿಟಿಷ್ ಭಾರತದ ಸಿಪಾಯಿಗೆ ಇದು ಸಾಧ್ಯವೇ ಇರಲಿಲ್ಲ. ರೈಫಲ್ ಸರ್ಕಾರದ ಸೊತ್ತು. ಸಿಪಾಯಿಗಳು ಇಂದಿಗೂ ಕೋತ್ ಎಂದು ಕರೆಯುವ ಶಸ್ತ್ರಾಗಾರದಿಂದ ಅದನ್ನು ಎಣಿಸಿ ಕೊಡುತ್ತಿದ್ದರು, ಎಣಿಸಿಯೇ ಹಿಂದಕ್ಕೆ ಪಡೆಯುತ್ತಿದ್ದರು, ಮತ್ತು ಅದನ್ನು ಕಳೆದುಕೊಂಡವನು ಕೋರ್ಟ್ ಮಾರ್ಷಲ್‌ ಎದುರಿಸಬೇಕಾಗಿತ್ತು. 1857ರ ದಂಗೆಯನ್ನು ಮರೆಯದ ಸರ್ಕಾರವದು. 1878ರಲ್ಲಿ ಶಸ್ತ್ರ ಕಾಯ್ದೆಯನ್ನು ತಂದು ಜನಸಾಮಾನ್ಯರ ಕೈಯಲ್ಲಿ ಆಯುಧ ಉಳಿಯದಂತೆ ನೋಡಿಕೊಂಡ ಸರ್ಕಾರ. ವಾಯವ್ಯ ಗಡಿಯಲ್ಲಿ ರೈಫಲ್ ಕಳ್ಳರ ಕಾಟ ಎಷ್ಟಿತ್ತೆಂದರೆ ಸಿಪಾಯಿಗಳು ರಾತ್ರಿ ರೈಫಲ್ಲನ್ನು ಸರಪಳಿಯಿಂದ ಮೈಗೆ ಬಿಗಿದುಕೊಂಡು ಮಲಗುತ್ತಿದ್ದರು. ಒಂದು ರೈಫಲ್ ಹೊರಗೆ ಹೋಗುವುದಕ್ಕೇ ಇಷ್ಟು ಹೆದರಿದವರು, 1945ರ ಹೊತ್ತಿಗೆ ಸುಮಾರು 25 ಲಕ್ಷಕ್ಕೆ ಬೆಳೆದಿದ್ದ ಸೈನ್ಯವನ್ನು ವಿಸರ್ಜಿಸುವಾಗ ಪ್ರತಿಯೊಬ್ಬನ ಹೆಗಲಿಗೂ ಒಂದನ್ನು ಏರಿಸಿ ಊರಿಗೆ ಕಳಿಸುತ್ತಿದ್ದರೇ?

ಇನ್ನೂ ಒಂದು ಮಾತಿದೆ. ಸೈನಿಕನ ಜೊತೆ ಒಂದೇ ರೈಫಲ್ ಯುದ್ಧದುದ್ದಕ್ಕೂ ಇತ್ತೆಂಬ ಊಹೆಯೂ ನಿಲ್ಲುವುದಿಲ್ಲ. 1914ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಭಾರತೀಯ ಪಡೆಗಳು ತಾವು ತಂದಿದ್ದ ಹಳೆಯ ಮಾದರಿಯ ರೈಫಲ್ಲುಗಳನ್ನು ಅಲ್ಲಿಯೇ ಒಪ್ಪಿಸಿ, ಹೊಸ ತೋಟಾಗಳಿಗೆ ಹೊಂದುವ ಹೊಸ ರೈಫಲ್ಲುಗಳನ್ನು ಪಡೆದವು. ಗಾಯಗೊಂಡವನು ಆಸ್ಪತ್ರೆಗೆ ಹೋದರೆ ಅವನ ರೈಫಲ್ ಬೇರೆಯವನ ಕೈ ಸೇರುತ್ತಿತ್ತು. ರಣರಂಗದಲ್ಲಿ ಬಿದ್ದವುಗಳನ್ನು ಆಯ್ದು, ರಿಪೇರಿ ಮಾಡಿ, ಮತ್ತೆ ಹಂಚುತ್ತಿದ್ದರು. ಎರಡನೆಯ ಯುದ್ಧದಲ್ಲಿ ಮೈಸೂರು ಸಂಸ್ಥಾನದ ಪದಾತಿ ದಳವೂ ಸೇರಿ ಸಿಂಗಪುರದಲ್ಲಿದ್ದ ಭಾರತೀಯ ಪಡೆಗಳು 1942ರ ಫೆಬ್ರುವರಿ 15ರ ಶರಣಾಗತಿಯಲ್ಲಿ ಆಯುಧಗಳನ್ನು ಜಪಾನೀಯರಿಗೆ ಒಪ್ಪಿಸಬೇಕಾಯಿತು. ಅಲ್ಲಿ ಸೆರೆಯಾದವರ ಮನೆಗಳಲ್ಲೂ ‘ಅಜ್ಜ ತಂದ ರೈಫಲ್’ ಎಂಬ ಮಾತು ಹುಟ್ಟಿಕೊಂಡರೆ ಅದನ್ನು ನಂಬುವುದು ಹೇಗೆ?

ಹಾಗಾದರೆ ಮನೆಯಲ್ಲಿರುವುದು ಏನು? ಬಹಳ ಮನೆಗಳಲ್ಲಿ ಅದು ಯುದ್ಧದ ರೈಫಲ್ಲೇ ಅಲ್ಲ, .315 ಬೋರಿನ (ಬೋರ್ ಎಂದರೆ ನಳಿಕೆಯ ಒಳಗಿನ ಅಳತೆ) ಶಿಕಾರಿ ರೈಫಲ್. ಸೇನೆಯ ತೋಟಾ ಬಂಡಾಯಗಾರರ ಕೈಗೆ ಸಿಗಬಾರದೆಂದು ಬ್ರಿಟಿಷರು .303 ಬೋರನ್ನು ಖಾಸಗಿಯವರಿಗೆ ನಿರ್ಬಂಧಿಸಿದರು. ಆಗ ಇಂಗ್ಲೆಂಡಿನ ಬಿ.ಎಸ್.ಎ.ಯಂಥ ಕಂಪನಿಗಳು ಸೇನೆಯ .303 ರೈಫಲ್ಲಾದ ಲೀ-ಎನ್‌ಫೀಲ್ಡಿನ ಬೋಲ್ಟ್ ಭಾಗಕ್ಕೆ, ಅಂದರೆ ತೋಟಾ ತುಂಬಿ ಹಾರಿಸುವ ಭಾಗಕ್ಕೆ, ಆಸ್ಟ್ರಿಯಾ ಸೇನೆಯ 8 ಮಿ.ಮೀ. ಮ್ಯಾನ್ಲಿಷರ್ ತೋಟಾ ಹಿಡಿಯುವ ನಳಿಕೆಯನ್ನು ಜೋಡಿಸಿ ಭಾರತದ ಮಾರುಕಟ್ಟೆಗೆ ಕೊಟ್ಟವು. ಸ್ವಾತಂತ್ರ್ಯದ ನಂತರ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯೂ ಅದನ್ನೇ ತಯಾರಿಸಿತು. ಬೋಲ್ಟ್ ಒಂದೇ ಬಗೆಯದಾದ್ದರಿಂದ ನೋಟಕ್ಕೆ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಮಿಲಿಟರಿ ರೈಫಲ್ಲಿನಲ್ಲಿ ಮರದ ಹೊದಿಕೆ ನಳಿಕೆಯ ತುದಿಯವರೆಗೂ ಇರುತ್ತದೆ, ತುದಿಯಲ್ಲಿ ಬಯೋನೆಟ್ ಸಿಕ್ಕಿಸುವ ಮೊಂಡು ಲೋಹದ ಮೂತಿ ಇರುತ್ತದೆ. ಶಿಕಾರಿಯದರಲ್ಲಿ ಮರ ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ಒಮ್ಮೆ ನೋಡಿದರೆ ಅರ್ಧ ಪ್ರಶ್ನೆಗಳು ಅಲ್ಲೇ ಬಗೆಹರಿಯುತ್ತವೆ. ಮಾಜಿ ಸೈನಿಕರಾಗಿದ್ದ ಅಜ್ಜ ಊರಿಗೆ ಬಂದ ಮೇಲೆ ಲೈಸೆನ್ಸ್ ಪಡೆದು ಅಂಗಡಿಯಿಂದ ಕೊಂಡ ರೈಫಲ್ ಎರಡು ತಲೆಮಾರು ಕಳೆಯುವಷ್ಟರಲ್ಲಿ ಯುದ್ಧದ ರೈಫಲ್ ಆಗಿಬಿಡುತ್ತದೆ. ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಎರಡು ನಿಜಗಳು ಬೆಸೆದುಕೊಂಡಿವೆ, ಅಷ್ಟೆ.

ನಿಜವಾದ ಮಿಲಿಟರಿ ರೈಫಲ್ಲೇ ಇದ್ದರೆ ಅದರ ಸ್ವಂತ ಚರಿತ್ರೆಯನ್ನು ಖಂಡಿತ ಓದಬಹುದು. ಮೊದಲು ಚೇಂಬರಿನಲ್ಲಿ ತೋಟಾ ಇಲ್ಲವೆಂದು ತಿಳಿದವರಿಂದ ಖಚಿತಪಡಿಸಿಕೊಳ್ಳಿ. ಬೋಲ್ಟಿನ ಹಿಡಿಯ ಕೆಳಗೆ, ಮರದ ಬಟ್ ಬಂದು ಸೇರುವ ಲೋಹದ ಭಾಗದ ಬಲಬದಿಯಲ್ಲಿ ಕಿರೀಟ, ಅದರಡಿ ಅಕ್ಷರಗಳು, ಕಾರ್ಖಾನೆಯ ಹೆಸರು, ಇಸವಿ ಮತ್ತು ಮಾದರಿ ಇರುತ್ತವೆ. ‘ಜಿ.ಆರ್.’ ಎಂದಿದ್ದರೆ ದೊರೆ ಜಾರ್ಜ್; ‘ಜಿ.ಆರ್.ಐ.’ ಎಂದಿದ್ದರೆ ಚಕ್ರವರ್ತಿ ಜಾರ್ಜ್, ಅಂದರೆ ಭಾರತದಲ್ಲಿ ತಯಾರಾದದ್ದು. ಕಿರೀಟದ ಬದಲು ಅಶೋಕ ಸಿಂಹಗಳಿದ್ದು ‘ಆರ್.ಎಫ್.ಐ.’ (ಈಶಾಪುರ ರೈಫಲ್ ಕಾರ್ಖಾನೆ) ಎಂದಿದ್ದರೆ ಅದು ಸ್ವಾತಂತ್ರ್ಯದ ನಂತರದ್ದು. ಮಹಾಯುದ್ಧದ ಮಾತನ್ನು ಅಲ್ಲಿಗೇ ಬಿಡಬೇಕು. ಮಾದರಿಯ ಹೆಸರಾದ ಮಾರ್ಕ್ 3ರ ಮುಂದೆ ನಕ್ಷತ್ರದ ಗುರುತಿದ್ದರೆ ಅದು 1916ರಲ್ಲಿ ಅಂಗೀಕಾರವಾದ ಸರಳ ರೂಪ: ಯುದ್ಧಕಾಲದಲ್ಲಿ ಬೇಗ ಬೇಗ ತಯಾರಿಸಲೆಂದು ಮ್ಯಾಗಜೀನ್ ತಡೆಯುವ ತಗಡನ್ನೂ ದೂರದ ಗುರಿಯ ಸೈಟುಗಳನ್ನೂ ಕೈಬಿಟ್ಟದ್ದು. ಇಸವಿ ಹೇಳುವುದು ತಯಾರಾದ ವರ್ಷವನ್ನು ಮಾತ್ರ. 1917ರ ರೈಫಲ್ ರಿಪೇರಿಯಾಗಿ ಬರ್ಮಾಕ್ಕೂ ಹೋಗಿರಬಹುದು, ಆಮೇಲೆ ಪೊಲೀಸ್ ಠಾಣೆಯಲ್ಲೂ ದುಡಿದಿರಬಹುದು. ಉತ್ತರ ಪ್ರದೇಶದ ಪೊಲೀಸರು .303ಗೆ ವಿದಾಯ ಹೇಳಿದ್ದು 2020ರಲ್ಲಿ. ಬಟ್ಟಿನ ಬದಿಯಲ್ಲಿ ಹಿತ್ತಾಳೆಯ ಗುಂಡು ಬಿಲ್ಲೆ ಉಳಿದಿದ್ದರೆ ಅದರ ಮೇಲೆ ಪಲ್ಟನ್ನಿನ ಸಂಕ್ಷಿಪ್ತ ಹೆಸರು ಸಿಗಬಹುದು. ಬಹಳ ರೈಫಲ್ಲುಗಳಲ್ಲಿ ಈ ಬಿಲ್ಲೆ ಇರುವುದಿಲ್ಲ.

ಬಾಣದ ಗುರುತು ಸರ್ಕಾರಿ ಸೊತ್ತಿನ ಮುದ್ರೆ. ಎರಡು ಬಾಣಗಳು ಮೊನೆಗೆ ಮೊನೆ ಕೂಡಿಕೊಂಡಿದ್ದರೆ ಆ ರೈಫಲ್ಲನ್ನು ಸೇವೆಯಿಂದ ತೆಗೆದು ಕ್ರಮಬದ್ಧವಾಗಿ ಮಾರಲಾಗಿದೆ ಎಂದರ್ಥ. ಆಯುಧಪೂಜೆಗೋ ಕೊಡವರ ಆಯುಧಗಳ ಹಬ್ಬವಾದ ಕೈಲ್ ಪೊಳ್ದಿಗೋ ಮುಂಚೆ ಮರಳು ಕಾಗದ ಹಚ್ಚಿ ಲೋಹವನ್ನು ಉಜ್ಜಿದರೆ ಮೊದಲು ಅಳಿಯುವುದು ಇಂಥ ಗುರುತುಗಳೇ. ದಯವಿಟ್ಟು ಎಣ್ಣೆಯ ಬಟ್ಟೆಯಿಂದ ಒರೆಸಿ, ಸಾಕು.

ಮನೆಯ ಕಾಗದಪತ್ರಗಳನ್ನು ಯಾರೂ ನೋಡುವುದಿಲ್ಲ, ಇದು ನನಗೆ ಬೇಸರ ತರಿಸುವ ಸಂಗತಿ. ಹಳೆಯ ಲೈಸೆನ್ಸ್ ಪುಸ್ತಕದಲ್ಲಿ ಬೋರ್, ನಂಬರು, ನವೀಕರಣದ ಇಸವಿಗಳು ಇರುತ್ತವೆ. ಚುನಾವಣೆಗೆ ಮುನ್ನ ಠಾಣೆಯಲ್ಲಿ ಜಮಾ ಮಾಡಿ ಪಡೆದ ರಸೀದಿಗಳಲ್ಲೂ ಇರುತ್ತವೆ. ರೈಫಲ್ ಯಾವ ವರ್ಷದಿಂದ ಮನೆಯಲ್ಲಿದೆ ಎಂಬುದನ್ನು ಇವು ಖಚಿತವಾಗಿ ಹೇಳುತ್ತವೆ. .303 ಬೋರ್ ಇಂದಿಗೂ ನಿಷಿದ್ಧ ವರ್ಗದಲ್ಲಿದೆ. ಕಾಗದವಿಲ್ಲದ ರೈಫಲ್ ಅಟ್ಟದ ಮೇಲೆ ಸಿಕ್ಕಿದ್ದರೆ ಚರಿತ್ರೆ ಹುಡುಕುವ ಮೊದಲು ವಕೀಲರನ್ನು ಕಂಡು, ಠಾಣೆಗೆ ತಿಳಿಸಿ. ಲೈಸೆನ್ಸುದಾರರು ತೀರಿಕೊಂಡ ಮೇಲೆ ವಾರಸುದಾರರು ತಮ್ಮ ಹೆಸರಿಗೆ ಪ್ರತ್ಯೇಕವಾಗಿ ಅರ್ಜಿ ಹಾಕಲೇಬೇಕು.

ನೀವು ಕೇಳದ ಪ್ರಶ್ನೆಯೊಂದಕ್ಕೂ ಉತ್ತರಿಸುತ್ತೇನೆ, ಏಕೆಂದರೆ ನಿಮಗೆ ನಿಜವಾಗಿ ಬೇಕಾದದ್ದು ಅದೇ: ಅಜ್ಜನ ಪದಕಗಳು ಎಲ್ಲಿವೆ? ಮೊದಲ ಮಹಾಯುದ್ಧದ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ಲಿನ ಅಂಚಿನಲ್ಲಿ, ನಾಣ್ಯದ ದಪ್ಪದಷ್ಟೇ ಜಾಗದಲ್ಲಿ, ಸೈನಿಕನ ನಂಬರು, ಹುದ್ದೆ, ಹೆಸರು, ಪಲ್ಟನ್ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತವೆ. ಹೆಸರನ್ನು ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ, ಆದ್ದರಿಂದ ಗಟ್ಟಿಯಾಗಿ ಓದಿ ನೋಡಿ. ‘ಎಸ್. ಅಂಡ್ ಎಂ.’ ಎಂದಿದ್ದರೆ ಸ್ಯಾಪರ್ಸ್ ಅಂಡ್ ಮೈನರ್ಸ್, ಅಂದರೆ ಸೇನೆಯ ಇಂಜಿನಿಯರಿಂಗ್ ದಳ. ಅದರ ಹಿಂದೆ 2 ಎಂಬ ಅಂಕಿಯಿದ್ದರೆ ಬೆಂಗಳೂರಿನ ಹಲಸೂರು ಕೆರೆಯ ಬಳಿ ಇಂದಿಗೂ ಇರುವ ಮದ್ರಾಸ್ ಇಂಜಿನಿಯರ್ ಗ್ರೂಪಿನ ಪೂರ್ವಜ ದಳ. ಎರಡನೆಯ ಯುದ್ಧವಾದರೆ ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಎಂಬ ಪದಕಗಳ ಹೆಸರೇ ರಣರಂಗವನ್ನು ಹೇಳುತ್ತದೆ. ನಂಬರು ಮತ್ತು ಪಲ್ಟನ್ ಕೈಗೆ ಸಿಕ್ಕಿದ ಮೇಲೆ ಆ ರೆಜಿಮೆಂಟಿನ ದಾಖಲೆ ಕಚೇರಿಗೆ ಪತ್ರ ಬರೆಯಿರಿ. ಮೊದಲ ಯುದ್ಧದ ತುಕಡಿಗಳ ದಿನಚರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯು.ಓ. 95 ಎಂಬ ಸರಣಿಯಲ್ಲಿವೆ. ಅವುಗಳಲ್ಲಿ ಸಿಪಾಯಿಯ ಹೆಸರು ಸಿಗುವುದು ಅಪರೂಪ, ಆದರೆ ಅವನ ಪಲ್ಟನ್ ಯಾವ ದಿನ ಯಾವ ಊರಿನಲ್ಲಿತ್ತು ಎಂಬುದು ಸಿಗುತ್ತದೆ.