ಹಿರಿಯರ ಪಾಸ್: ಘೋಷಿಸುವವರು ಒಬ್ಬರು, ದುಡ್ಡು ಕಟ್ಟುವವರು ಇನ್ನೊಬ್ಬರು

ವಯಸ್ಸಾದವರಿಗೆ ಬಸ್ಸು ಪುಕ್ಕಟೆ ಇರಲಿ ಅಂದರೆ ಬೇಡ ಅನ್ನುವವರು ಕಡಿಮೆ. ದುಡ್ಡು ಯಾರ ಜೇಬಿನಿಂದ ಅಂದಾಗ ಜಗಳ ಶುರುವಾಗುತ್ತದೆ. ಇದು ಈಗಿನ ಜಗಳವೂ ಅಲ್ಲ.

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ನಗರಪಾಲಿಕೆ ಹಿಂದೆ ತಾನೇ ಬಸ್ಸು ಓಡಿಸುತ್ತಿತ್ತು. 1950ರ ದಶಕದ ಆರಂಭದಲ್ಲಿ 65 ದಾಟಿದ ಹೆಂಗಸರಿಗೂ 70 ದಾಟಿದ ಗಂಡಸರಿಗೂ ಉಚಿತ ಪ್ರಯಾಣ ಕೊಡಲು ಹೊರಟಿತು. ಊರಿನ ತೆರಿಗೆದಾರರೊಬ್ಬರು ಕೋರ್ಟಿಗೆ ಹೋದರು. 1954ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿಯೇ ತೀರ್ಪು ಕೊಟ್ಟಿತು: ಜನರ ತೆರಿಗೆ ದುಡ್ಡನ್ನು ಪಾಲಿಕೆ ತನಗಿಷ್ಟ ಬಂದವರಿಗೆ ಉಡುಗೊರೆ ಕೊಡುವಂತಿಲ್ಲ. ಮರುವರ್ಷವೇ ಪಾರ್ಲಿಮೆಂಟ್ ಕಾಯ್ದೆ ತಂದು ಆಗಲೇ ಇದ್ದ ರಿಯಾಯಿತಿಗಳನ್ನು ಉಳಿಸಿತು, 1964ರಲ್ಲಿ ಬೇರೆ ಊರುಗಳಿಗೂ ದಾರಿ ಮಾಡಿಕೊಟ್ಟಿತು. 2008ರಿಂದ ಇಂಗ್ಲೆಂಡಿನ ಹಿರಿಯರು ಅಲ್ಲಿನ ಯಾವುದೇ ಊರಿನ ಲೋಕಲ್ ಬಸ್ಸನ್ನು, ವಾರದ ದಿನಗಳಲ್ಲಿ ಬೆಳಗ್ಗೆ 9.30ರ ನಂತರ, ದುಡ್ಡು ಕೊಡದೆ ಹತ್ತಬಹುದು.

ಬಸ್ ಕಂಪನಿಗೆ ಆ ದುಡ್ಡನ್ನು ಸ್ಥಳೀಯ ಆಡಳಿತ ತುಂಬಿಕೊಡಬೇಕು. ಕಂಪನಿಗೆ ಲಾಭವೂ ಆಗಬಾರದು, ನಷ್ಟವೂ ಆಗಬಾರದು ಅನ್ನುವುದು ನಿಯಮ. ಕೇಳಲು ಸುಲಭ. ಆದರೆ ಪಾಸ್ ಇಲ್ಲದಿದ್ದರೆ ಇವರಲ್ಲಿ ಎಷ್ಟು ಜನ ಟಿಕೆಟ್ ಕೊಂಡು ಬರುತ್ತಿದ್ದರು, ಎಷ್ಟು ಜನ ಮನೆಯಲ್ಲೇ ಇರುತ್ತಿದ್ದರು ಅಂತ ಲೆಕ್ಕ ಹಾಕುವುದು ಹೇಗೆ? ಕಂಪನಿ ಒಂದು ಹೇಳುತ್ತದೆ, ಆಡಳಿತ ಇನ್ನೊಂದು. ಸರ್ಕಾರ ಕೊಡುವ ಅನುದಾನ ಸಾಲದು ಅನ್ನುವ ಗೊಣಗಾಟ ಬೇರೆ.

ನನ್ನ ಪ್ರಕಾರ ನಿಜವಾದ ಪೆಟ್ಟು ಬಿದ್ದಿರುವುದು ಇನ್ನೊಂದು ಕಡೆ. ಪಾಸಿನ ದುಡ್ಡು ಕಟ್ಟುವುದು ಕಾನೂನಿನ ಪ್ರಕಾರ ಕಡ್ಡಾಯ, ಆದರೆ ನಷ್ಟದ ರೂಟಿನಲ್ಲಿ ಬಸ್ಸು ಓಡಿಸಲು ಸಹಾಯಧನ ಕೊಡುವುದು ಕಡ್ಡಾಯವಲ್ಲ, ಹಾಗಾಗಿ ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಹಳ್ಳಿಯ ಬಸ್ಸಿಗೆ. ಬಸ್ಸೇ ಬರದ ಊರಲ್ಲಿ ಪಾಸ್ ಇಟ್ಟುಕೊಂಡು ಏನು ಮಾಡುವುದು?

ದಕ್ಷಿಣ ಕೊರಿಯಾದಲ್ಲಿ ಇದೇ ಕಥೆ ಸಬ್‌ವೇಯಲ್ಲಿ, ಅಂದರೆ ನಗರದ ಮೆಟ್ರೊ ರೈಲಿನಲ್ಲಿ, ನಡೆದಿದೆ. 65 ದಾಟಿದವರಿಗೆ 1984ರಿಂದ ಪ್ರಯಾಣ ಉಚಿತ. ಆಗ ಆ ವಯಸ್ಸಿನವರು ನೂರಕ್ಕೆ ನಾಲ್ಕು ಜನ ಇದ್ದರು, ಈಗ ಐದರಲ್ಲಿ ಒಬ್ಬರು. ಉಚಿತ ಮಾಡಿದ್ದು ದೇಶದ ಸರ್ಕಾರ, ನಷ್ಟ ಮಾತ್ರ ನಗರದ ತಲೆಗೆ ಅಂತ ರಾಜಧಾನಿ ಸೋಲ್ ವರ್ಷಗಳಿಂದ ದೂರುತ್ತಿದೆ. ಡೇಗು ನಗರ ಸಬ್‌ವೇಯ ವಯಸ್ಸಿನ ಮಿತಿಯನ್ನು ಹಂತ ಹಂತವಾಗಿ 70ಕ್ಕೆ ಏರಿಸಲು ಹೊರಟಿತು. ಭಾರತೀಯ ರೈಲ್ವೆ 2020ರ ಮಾರ್ಚ್‌ನಲ್ಲಿ ಹಿರಿಯರ ರಿಯಾಯಿತಿಯನ್ನೇ ನಿಲ್ಲಿಸಿತು.

ಅಮೆರಿಕ ಹಿಡಿದ ದಾರಿ ಬೇರೆ. ಕೇಂದ್ರದ ದುಡ್ಡು ಬೇಕಿದ್ದರೆ ಜನಸಂದಣಿ ಕಡಿಮೆ ಇರುವ ಹೊತ್ತಲ್ಲಿ ಹಿರಿಯರಿಗೆ ಅರ್ಧ ಟಿಕೆಟ್ ಮಾಡಿ ಅಂತ 1974ರ ಕಾನೂನು ಷರತ್ತು ಹಾಕಿತು. ಪೆನ್ಸಿಲ್ವೇನಿಯಾ ರಾಜ್ಯ ಲಾಟರಿ ಆದಾಯದಿಂದ ಹಿರಿಯರ ಪ್ರಯಾಣದ ಖರ್ಚು ಭರಿಸುತ್ತದೆ. ಜೂಜಿನ ದುಡ್ಡು ಅಂತ ಮೂಗು ಮುರಿಯಬಹುದು, ಆದರೆ ಅಲ್ಲಿ ದುಡ್ಡು ಎಲ್ಲಿಂದ ಬರುತ್ತದೆ ಅಂತ ಎಲ್ಲರಿಗೂ ಗೊತ್ತು.

ಬಸ್ ಸ್ಟಾಪಿನವರೆಗೆ ನಡೆಯಲಾಗದವರ ಗತಿ? 1990ರ ಅಂಗವಿಕಲರ ಕಾಯ್ದೆ ಅಮೆರಿಕದ ಬಸ್ ಸಂಸ್ಥೆಗಳು ತಮ್ಮ ರೂಟಿನ ಮುಕ್ಕಾಲು ಮೈಲಿಯೊಳಗೆ ಅಂಥವರಿಗೆ ಪ್ರತ್ಯೇಕ ವಾಹನ ಕೊಡಬೇಕು ಅಂದಿತು. ಬರೀ ವಯಸ್ಸಾಗಿದ್ದರೆ ಸಾಲದು, ಅಂಗವೈಕಲ್ಯ ಇರಬೇಕು. ಒಬ್ಬೊಬ್ಬರನ್ನೇ ಕರೆದೊಯ್ಯುವ ಇಂಥ ಪ್ರಯಾಣಕ್ಕೆ ಬಸ್ಸಿಗಿಂತ ಎಷ್ಟೋ ಪಟ್ಟು ಜಾಸ್ತಿ ಖರ್ಚು, ಟಿಕೆಟ್ ಮಾತ್ರ ಬಸ್ಸಿನ ಎರಡು ಪಟ್ಟು ಮೀರುವಂತಿಲ್ಲ. ಉಳಿದದ್ದು ಆ ಸಂಸ್ಥೆಯ ತಲೆ ಮೇಲೆ.

ಬಡವರ ಆರೋಗ್ಯ ಯೋಜನೆಯಾದ ಮೆಡಿಕೈಡ್ ಡಾಕ್ಟರ ಹತ್ತಿರ ಹೋಗಿಬರುವ ಖರ್ಚು ಕೊಡುತ್ತದೆ. ಚಿಕಿತ್ಸೆ ತಪ್ಪಿ ಕಾಯಿಲೆ ಉಲ್ಬಣಿಸಿದರೆ ಅದೇ ಯೋಜನೆಗೆ ದೊಡ್ಡ ಬಿಲ್ಲು ಬರುತ್ತದಲ್ವಾ? ಗೆಳತಿಯ ಮನೆಗೋ ಮಾರುಕಟ್ಟೆಗೋ ಸುಮ್ನೆ ಹೋಗಿ ಬರಬೇಕು ಅಂದರೆ ಮೆಡಿಕೈಡ್ ಸಾಮಾನ್ಯವಾಗಿ ಕೊಡುವುದಿಲ್ಲ. ಬಸ್ಸು ಓಡದ ಊರಲ್ಲಿ ಅದರ ಬಿಲ್ಲು ಬೀಳುವುದು ಕಾರು ಓಡಿಸಬಲ್ಲ ಮಗಳಿಗೆ, ಅದೂ ಮಗಳು ಹತ್ತಿರದಲ್ಲಿದ್ದರೆ.