ಹಳೆ ಗೇಮು, ಹೊಸ ಕಂಟ್ರೋಲರು: ಕೆಟ್ಟಿದ್ದು ಪೋರ್ಟ್ ಅಲ್ಲ

ಬಳ್ಳಾರಿಯ ಯಾವುದೇ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿ, "ಅಣ್ಣಾ, ಹಳೆ ಗೇಮಿಗೆ ಈ ಕಂಟ್ರೋಲರ್ ಹಿಡಿಯವಲ್ದು" ಅನ್ನಿ. ಡ್ರೈವರ್ ಹಾಕಬೇಕು ಅನ್ನುತ್ತಾರೆ, ಇಲ್ಲವೇ ಪೋರ್ಟ್ ಹೋಗೇದ ಅನ್ನುತ್ತಾರೆ. ಪಿನ್ನಿಗೆ ಬಾಯಿಂದ ಊದಿ ಮತ್ತೆ ಚುಚ್ಚುವವರೂ ಉಂಟು. ಈ ಊದುವ ಮಂತ್ರವಿದ್ಯೆ ಯಾವಾಗ ನಿಲ್ಲುತ್ತದೋ! ಅದೇ ಕಂಟ್ರೋಲರ್ ಹೊಸ ಗೇಮಿನಲ್ಲಿ ಓಡುತ್ತಿದ್ದರೆ ಪೋರ್ಟೂ ಸರಿಯಿದೆ, ಡ್ರೈವರೂ ಸರಿಯಿದೆ. ತೊಡಕಿರುವುದು ಹಳೆ ಗೇಮು ಕೇಳುವ ಪ್ರಶ್ನೆಯಲ್ಲಿ.

1981ರಲ್ಲಿ ಐಬಿಎಂ ಪಿಸಿಗೆ ಬಂದ ಗೇಮ್ ಕಾರ್ಡಿಗೆ ಜಾಯ್‌ಸ್ಟಿಕ್ ಎಷ್ಟು ವಾಲಿದೆ ಎಂಬುದು ಗೊತ್ತೇ ಆಗುತ್ತಿರಲಿಲ್ಲ. ಅದು ಅಳೆಯುತ್ತಿದ್ದುದು ಸಮಯವನ್ನು. ಕಡ್ಡಿಯ ಬುಡದಲ್ಲಿ ಸೊನ್ನೆಯಿಂದ 1 ಲಕ್ಷ ಓಮ್‌ವರೆಗೆ ಬದಲಾಗುವ, ಕರೆಂಟಿನ ಹರಿವು ತಡೆಯುವ ರೆಸಿಸ್ಟರ್; ಕಾರ್ಡಿನಲ್ಲಿ ಕರೆಂಟು ತುಂಬಿಕೊಳ್ಳುವ ಒಂದು ಪುಟ್ಟ ಕೆಪಾಸಿಟರ್. ನಳದ ಕೆಳಗೆ ಕೊಡ ಇಟ್ಟಂತೆ ಅನ್ನಿ: ಕಡ್ಡಿ ಅಲುಗಿಸಿದರೆ ನಳದ ತಿರುಪು ತಿರುಗುತ್ತದೆ, ಧಾರೆ ಸಣ್ಣದಾದರೆ ಕೊಡ ತುಂಬಲು ಹೊತ್ತು ಹಿಡಿಯುತ್ತದೆ. ಪ್ರೊಸೆಸರ್ ಪಕ್ಕದಲ್ಲಿ ನಿಂತು "ತುಂಬಿತಾ? ತುಂಬಿತಾ?" ಎಂದು ಕೇಳುತ್ತಲೇ ಎಣಿಸುತ್ತಿತ್ತು. ಕಡ್ಡಿ ಒಂದು ತುದಿಯಲ್ಲಿದ್ದರೆ ಸುಮಾರು 24 ಮೈಕ್ರೊಸೆಕೆಂಡು, ಇನ್ನೊಂದು ತುದಿಯಲ್ಲಿದ್ದರೆ ಸುಮಾರು 1,124. ಎಷ್ಟು ಸಲ ಕೇಳಬೇಕಾಯಿತೋ ಅದೇ ಕಡ್ಡಿಯ ಸ್ಥಾನ!

ಬಲು ಅಗ್ಗದ ಉಪಾಯ, ನನಗಂತೂ ತುಂಬ ಇಷ್ಟ. ಆದರೆ ಪ್ರೊಸೆಸರ್ ಚುರುಕಾದಷ್ಟೂ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಸಲ ಕೇಳುತ್ತದೆ, ಎಣಿಕೆ ಏರುತ್ತದೆ. ಬಿಸಿಗೆ ರೆಸಿಸ್ಟರ್, ಕೆಪಾಸಿಟರ್‌ಗಳ ಅಳತೆಯೂ ಚೂರು ಜರುಗುತ್ತದೆ. ನಮ್ಮ ಏಪ್ರಿಲ್ ಬಿಸಿಲು ಕೇಳಬೇಕೆ? ಅದಕ್ಕೇ ಡಾಸ್ ಗೇಮುಗಳು ಶುರುವಿನಲ್ಲೇ "ಕಡ್ಡಿಯನ್ನು ಮೇಲಿನ ಎಡಮೂಲೆಗೆ ಒಯ್ದು ಬಟನ್ ಒತ್ತಿ" ಎಂದು ಪೀಡಿಸುತ್ತಿದ್ದವು.

ಇಂದಿನ ಯುಎಸ್‌ಬಿ ಕಂಟ್ರೋಲರ್ ಒಳಗಿನ ಚಿಪ್ಪು ಅಳತೆ ಮುಗಿಸಿ ನೇರ ಅಂಕಿಯನ್ನೇ ಕಳಿಸುತ್ತದೆ. ಕೊಡವೂ ಇಲ್ಲ, ನಳವೂ ಇಲ್ಲ. ಹಾಗಾಗಿ ಹಳೆ ಡಾಸ್ ಗೇಮುಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ ಡಾಸ್‌ಬಾಕ್ಸ್ ಸುಳ್ಳು ಹೇಳಬೇಕಾಗುತ್ತದೆ: ಬಂದ ಅಂಕಿಗೆ ತಕ್ಕಷ್ಟು ಹೊತ್ತು "ಇನ್ನೂ ತುಂಬಿಲ್ಲ" ಎನ್ನುತ್ತದೆ. ಅದರ ಸೆಟ್ಟಿಂಗ್ ಫೈಲಿನ ಜಾಯ್‌ಸ್ಟಿಕ್ ಭಾಗದಲ್ಲಿ 'ಟೈಮ್ಡ್' (timed) ಎಂಬ ಸಾಲಿದೆ. ಅದು 'ಟ್ರೂ' ಇದ್ದರೆ ಗಡಿಯಾರದ ಲೆಕ್ಕ, 'ಫಾಲ್ಸ್' ಇದ್ದರೆ ಎಷ್ಟು ಸಲ ಕೇಳಿದರು ಎಂಬ ಲೆಕ್ಕ. ಕಂಟ್ರೋಲರ್ ಮುಟ್ಟದಿದ್ದರೂ ಗೇಮಿನ ವಿಮಾನ ತಾನಾಗಿ ಒಂದು ಕಡೆಗೆ ವಾಲುತ್ತಿದ್ದರೆ ಮೊದಲು ಈ ಸಾಲನ್ನು ಬದಲಿಸಿ ನೋಡಿ.

ವಿಂಡೋಸ್ ಗೇಮುಗಳ ಗೋಳು ಬೇರೆ. ಕಂಟ್ರೋಲರನ್ನು ವಿಚಾರಿಸಲು ಗೇಮುಗಳು ಬಳಸುವ ಭಾಷೆಯಾಗಿ ಮೊದಲು ಡೈರೆಕ್ಟ್‌ಇನ್‌ಪುಟ್ ಇತ್ತು. 2005ರಲ್ಲಿ ಎಕ್ಸ್‌ಬಾಕ್ಸ್ 360 ಗೇಮ್ ಯಂತ್ರದ ಜೊತೆಗೆ ಎಕ್ಸ್‌ಇನ್‌ಪುಟ್ ಎಂಬ ಹೊಸ ಭಾಷೆ ಬಂತು. ಅದಕ್ಕೂ ಹಿಂದಿನ ಗೇಮಿಗೆ ಹೊಸ ಭಾಷೆ ಬರುವುದಿಲ್ಲ. ಹಳೆ ಭಾಷೆಯಲ್ಲಿ ಕೇಳಿದರೆ ಎಕ್ಸ್‌ಬಾಕ್ಸ್ ಕಂಟ್ರೋಲರಿನ ಎರಡೂ ಟ್ರಿಗರ್‌ಗಳು (ತೋರುಬೆರಳಿನಿಂದ ಒತ್ತುವ ಗುಂಡಿಗಳು) ಒಂದೇ ಅಕ್ಷವಾಗಿ, ಅಂದರೆ ಒಂದೇ ಪಟ್ಟಿಯ ಎರಡು ತುದಿಗಳಾಗಿ ಕಾಣುತ್ತವೆ. ಗ್ಯಾಸು, ಬ್ರೇಕು ಒಟ್ಟಿಗೆ ಒತ್ತಿದರೆ ಒಂದನ್ನೊಂದು ನುಂಗಿಬಿಡುತ್ತವೆ. ಟ್ರಿಗರನ್ನು ಕೀಬೋರ್ಡ್ ಕೀಗೆ ಕಟ್ಟುವ ತಂತ್ರಾಂಶ ಇದಕ್ಕೊಂದು ದಾರಿ. ಆದರೆ ಕೀ ಎಂದರೆ ಒತ್ತಿದೆ ಅಥವಾ ಒತ್ತಿಲ್ಲ, ಅಷ್ಟೇ. ಓಡಿ ಜಿಗಿಯುವ ಗೇಮಿಗೆ ಸಾಕು; ಕಾರ್ ರೇಸಿಗೆ ಅರ್ಧ ಗ್ಯಾಸು ಕೊಡುವುದು ಅದರಿಂದಾಗದು.

ಅಂಗಡಿಯವರು ಡ್ರೈವರಿಗೆ ದುಡ್ಡು ಕೇಳಿದರೆ, ವಿಂಡೋಸಿನ ಗೇಮ್ ಕಂಟ್ರೋಲರ್ ಕಿಟಕಿ ತೆರೆಸಿ ಎರಡೂ ಟ್ರಿಗರ್ ಒಟ್ಟಿಗೆ ಪೂರ್ತಿ ಒತ್ತಿ ತೋರಿಸಿ. ಒಂದೊಂದಾಗಿ ಒತ್ತಿದಾಗ ಅತ್ತಿತ್ತ ಓಡಿದ ಪಟ್ಟಿ ಈಗ ನಡುವಿನಲ್ಲೇ ನಿಲ್ಲುತ್ತದೆ.